ಅರ್ಧಕ್ಕೆ ನಿಲ್ಲಿಸಿದ ಕಾದಂಬರಿ

ಪ್ರಶ್ನೆ: ಜಾನ್ ಬ್ಯಾನ್‌ವಿಲ್ ಅವರ ‘ದಿ ಸೀ’ ಅರ್ಧ ಓದಿ ನಿಲ್ಲಿಸಿದ್ದೇನೆ. ಒಂದು ಪುಟದಲ್ಲಿ ಹೆಂಡತಿಯ ಕಾಯಿಲೆ, ಇನ್ನೊಂದರಲ್ಲಿ ಬಾಲ್ಯದ ಬೇಸಿಗೆ. ಕಥೆ ಮುಂದಕ್ಕೇ ಹೋಗುತ್ತಿಲ್ಲ. 2005ರ ಬೂಕರ್ ಬಂದ ಪುಸ್ತಕ ಅಂತ ಸುಮ್ನೆ ಓದಬೇಕಾ?

ಉತ್ತರ: ಬಹುಮಾನ ಬಿಡಿ, ಕಥೆ ಹೇಳುವ ಮ್ಯಾಕ್ಸ್‌ಗೋಸ್ಕರ ಓದಿ. ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ಅವನು ಬಾಲ್ಯದ ಬೇಸಿಗೆ ಕಳೆದ ಐರ್ಲೆಂಡಿನ ಕಡಲತೀರದ ಊರಿಗೆ ಬಂದು, ಹುಡುಗನಾಗಿದ್ದಾಗ ಆಸೆಗಣ್ಣಿಂದ ನೋಡುತ್ತಿದ್ದ ಅದೇ ಮನೆಯಲ್ಲಿ ಈಗ ಒಂದು ಕೋಣೆ ಬಾಡಿಗೆಗೆ ಹಿಡಿದು ಕೂತಿದ್ದಾನೆ. ದುಃಖದಲ್ಲಿರುವ ಮನಸ್ಸು ನೇರ ದಾರಿ ಹಿಡಿಯುವುದಿಲ್ಲ ಅಲ್ವಾ? ಆಸ್ಪತ್ರೆಯ ನೆನಪು ತಡೆಯಲಾಗದೆ ಕಡಲಿಗೆ ಓಡುತ್ತಾನೆ. ಅಲ್ಲೂ ನೆಮ್ಮದಿಯಿಲ್ಲ. ಯಾಕೆ ಅಂತ ಹೇಳಿದರೆ ನಿಮ್ಮ ಓದು ಕೆಡುತ್ತದೆ.

ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ಜಾಗ. ಚಿಕ್ಕವನಿದ್ದಾಗ ಹಾಲು ತರಲು ಹೋಗುತ್ತಿದ್ದ ಮನೆಗೆ ಮ್ಯಾಕ್ಸ್ ಎಷ್ಟೋ ವರ್ಷಗಳ ಮೇಲೆ ಮತ್ತೆ ಹೋಗುತ್ತಾನೆ. ತಲೆಯೊಳಗೆ ಜೋಪಾನವಾಗಿಟ್ಟುಕೊಂಡ ಮನೆಗೂ ಕಣ್ಣೆದುರಿನ ಮನೆಗೂ ಅಳತೆ ತಾಳೆಯೇ ಆಗುವುದಿಲ್ಲ. ಅವನಿಗೆ ಒಂಥರಾ ಮೋಸ ಹೋದ ಹಾಗೆ. ಅದನ್ನು ಓದಿ ನಾನು ಪುಸ್ತಕ ಮಡಚಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ವಯಸ್ಸಾದವರಿಗೆ ಹತ್ತರಿಂದ ಮೂವತ್ತರೊಳಗಿನ ನೆನಪುಗಳೇ ಜಾಸ್ತಿ ಬರುತ್ತವೆ ಎಂದು ಮನಶ್ಶಾಸ್ತ್ರವೂ ಹೇಳುತ್ತದೆ, ಆದರೆ ಬಂದ ನೆನಪೆಲ್ಲ ನಡೆದ ಹಾಗೆಯೇ ಇರಬೇಕಿಲ್ಲ.

ಮತ್ತೆ ಮೊದಲಿಂದ ಶುರುಮಾಡಿ, ದಿನಕ್ಕೆ ನಾಲ್ಕೈದು ಪುಟ ಸಾಕು. ಆ ಮನೆ ನೋಡಿಕೊಳ್ಳುವ ಮಿಸ್ ವ್ಯಾವಸೂರ್ ಇದ್ದಾರಲ್ಲ, ಅವರ ಮೇಲೆ ಒಂದು ಕಣ್ಣಿಟ್ಟಿರಿ.