‘ಕಾರ್ಸ್ ಕೀ’ಗೆ ಕೆಂಪು ಗೆರೆ, ‘ಕೌಸ್ ಮಿಲ್ಕ್’ಗೆ ರೈಟ್, ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ಮಗಳು ಎಂಟನೇ ಕ್ಲಾಸು. ಇಂಗ್ಲಿಷ್ ಎಸ್ಸೇಲಿ ‘ಅರೆಕಾನಟ್ಸ್ ಗಾರ್ಡನ್’, ‘ಕಾರ್ಸ್ ಕೀ’ ಅಂತ ಅಪಾಸ್ಟ್ರಫಿ ಎಸ್ ಹಾಕಿ ಬರ್ದಿದ್ಲು, ಎರಡಕ್ಕೂ ಕೆಂಪು ಗೆರೆ. ಅದೇ ಪೇಜಲ್ಲಿ ‘ಕೌಸ್ ಮಿಲ್ಕ್’ಗೆ ಮಾತ್ರ ರೈಟ್ ಬಿದ್ದಿದೆ. ಯಾಕಮ್ಮ ಅಂತ ಕೇಳಿದ್ಲು, ನಂಗೆ ಹೇಳಕ್ಕೆ ಬರ್ಲಿಲ್ಲ.
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಮಗಳಿಗೆ ಬೈಬೇಡಿ ದಯವಿಟ್ಟು. ನಾವು ‘ಕಾರಿನ ಕೀ’ ಅಂತೀವಲ್ಲ, ಆ ‘ಇನ’ನ ಹಂಗೇ ಇಂಗ್ಲಿಷಿಗೆ ಹೊತ್ಕೊಂಡು ಹೋಗಿದಾಳೆ, ಅಷ್ಟೇ. ಅಡಿಕೆ ತೋಟಕ್ಕಾದ್ರೆ ಕನ್ನಡನೇ ದಾರಿ ತೋರಿಸ್ತಿತ್ತು, ‘ಅಡಿಕೆಯ ತೋಟ’ ಅಂತ ನಮ್ಮ ಕಡೆ ಯಾರು ಹೇಳ್ತಾರೆ? ಅಡಿಕೆ ತೋಟ, ಆದ್ರೆ ಅಪ್ಪನ ತೋಟ. ಇಂಗ್ಲಿಷಲ್ಲೂ ಅರೆಕಾನಟ್ ಗಾರ್ಡನ್, ಆದ್ರೆ ಫಾದರ್ಸ್ ಗಾರ್ಡನ್.

ಅವಳಿಗೆ ಎರಡು ಪ್ರಶ್ನೆ ಕಲಿಸಿ, ‘ಯಾರದ್ದು?’ ಮತ್ತೆ ‘ಎಂಥದ್ದು?’. ಯಾರದ್ದು ಅನ್ನೋದಕ್ಕೆ ಉತ್ತರ ಆದ್ರೆ ಎಸ್ ಹಾಕಬೇಕು, ಎಂಥದ್ದು ಅನ್ನೋದಕ್ಕಾದ್ರೆ ಎರಡು ಪದ ಸುಮ್ನೆ ಪಕ್ಕ ಪಕ್ಕ ಇಟ್ರೆ ಸಾಕು. ಸಕ್ರೆಬೈಲಿಗೆ ಹೋಗಿರ್ತೀರಲ್ವಾ, ಅದು ಎಲಿಫೆಂಟ್ ಕ್ಯಾಂಪ್, ಎಂಥ ಕ್ಯಾಂಪು ಅಂದ್ರೆ ಆನೆ ಕ್ಯಾಂಪು, ಅಷ್ಟೊಂದು ಆನೆ ಇದ್ರೂ ಆ ಪದ ಏಕವಚನದಲ್ಲೇ ಇದೆ ನೋಡಿ. ಅಲ್ಲೇ ಒಂದು ಆನೆ ಕಿವಿ ಬೀಸ್ತಾ ನಿಂತಿದ್ರೆ ಅದು ದಿ ಎಲಿಫೆಂಟ್ಸ್ ಇಯರ್, ಯಾಕಂದ್ರೆ ಆ ಕಿವಿ ಆ ಆನೇದು. ಶೂ ಶಾಪ್, ಬುಕ್ ಸ್ಟಾಲ್ ಎಲ್ಲಾ ಕ್ಯಾಂಪಿನ ಜಾತಿಗೇ ಸೇರಿದ್ದು. ಸ್ಪೋರ್ಟ್ಸ್ ಡೇ, ಸೇವಿಂಗ್ಸ್ ಬ್ಯಾಂಕ್ ಥರದ್ದು ಕೆಲವು ಮಾತ್ರ ಬಹುವಚನದಲ್ಲೇ ನಿಂತಿವೆ.

ಈಗ ಹಾಲಿನ ವಿಷಯ, ನಂಗೆ ಬಹಳ ಇಷ್ಟದ್ದು ಇದು. ಇಲ್ಲಿ ಕನ್ನಡ ನಂಬ್ಕೊಂಡ್ರೆ ಕೈ ಕೊಡತ್ತೆ, ಯಾಕಂದ್ರೆ ನಾವು ಮೇಕೆ ಹಾಲು, ಕೋಳಿ ಮೊಟ್ಟೆ ಅಂತ ಏನೂ ಸೇರಿಸ್ದೇನೇ ಹೇಳ್ತೀವಿ. ಇಂಗ್ಲಿಷಲ್ಲಿ ಸಾಮಾನ್ಯವಾಗಿ ಪ್ರಾಣಿ ಬದುಕಿದ್ದು ಕೊಡೋದಕ್ಕೆಲ್ಲ ಎಸ್ ಬರತ್ತೆ, ಕೌಸ್ ಮಿಲ್ಕ್, ಗೋಟ್ಸ್ ಮಿಲ್ಕ್, ಹೆನ್ಸ್ ಎಗ್, ಸತ್ತ ಮೇಲೆ ಸಿಗೋದಕ್ಕೆ ಎಸ್ ಇಲ್ಲ, ಚಿಕನ್ ಕರಿ, ಟೈಗರ್ ಸ್ಕಿನ್. ಇದಕ್ಕೂ ಹೊರತಾದ್ದು ಇದೆ, ಕ್ಯಾಮಲ್ ಹೇರ್ ಅನ್ನೋದರಲ್ಲಿ ಎಸ್ ಇಲ್ಲ, ಆದ್ರೆ ಎಂಟನೇ ಕ್ಲಾಸಿಗೆ ಈ ಲೆಕ್ಕ ಧಾರಾಳ ಸಾಕು.

ಯಾರ ಬಳಕೆಗೆ ಅಂತ ಹೇಳುವಾಗ್ಲೂ ಎಸ್ ಬರೋದುಂಟು, ಚಿಲ್ಡ್ರನ್ಸ್ ಪಾರ್ಕ್, ವಿಮೆನ್ಸ್ ಹಾಸ್ಟೆಲ್. ಹೊತ್ತಿನ ಲೆಕ್ಕಕ್ಕೂ ಬರತ್ತೆ, ಎ ಡೇಸ್ ಲೀವ್.

ಇನ್ನು ಆ ಕಾರು. ಕಾರ್ ಕೀ, ಕಾರ್ ಡೋರ್ ಅನ್ನೋದೇ ವಾಡಿಕೆ, ಹಂಗಾಗಿ ತಿದ್ದಿದ್ದು ಸರಿನೇ. ಆದ್ರೂ ‘ಅಡಿಕೆ’ಯಷ್ಟು ದೊಡ್ಡ ತಪ್ಪು ಅಂತ ನಂಗನಿಸಲ್ಲ, ಯಾಕಂದ್ರೆ ಒಂದು ನಿರ್ದಿಷ್ಟ ಕಾರಿನ ಬಗ್ಗೆ ಮಾತಾಡುವಾಗ ‘ದಿ ಕಾರ್ಸ್ ಎಂಜಿನ್’ ಅಂತ ಒಳ್ಳೆ ಇಂಗ್ಲಿಷ್ ಬರೆಯೋರೂ ಬರೀತಾರೆ. ನಾನಾಗಿದ್ರೆ ಅಡಿಕೆಗೆ ಕೆಂಪು ಗೆರೆ ಎಳೆದು, ಕಾರಿನ ಪಕ್ಕ ‘ಎಸ್ ಬೇಡ ಪುಟ್ಟಿ’ ಅಂತ ಪೆನ್ಸಿಲಲ್ಲಿ ಬರೀತಿದ್ದೆ.