ಎಫ್‌ಎ ಅಂಕಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ: ನನ್ನ ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಗಣಿತದ ಎಫ್‌ಎಯಲ್ಲಿ (ವರ್ಷದ ನಡುವೆ ಶಾಲೆಯೇ ನಡೆಸುವ ಮೌಲ್ಯಮಾಪನದಲ್ಲಿ) ಅವಳಿಗೆ ‘ಎ’ ಶ್ರೇಣಿ ಬಂದಿದೆ. ಆದರೆ ಅಡಿಕೆ ಮಾರಿದ ಹಣದಲ್ಲಿ ಶೇಕಡಾ ಎರಡು ಕಮಿಷನ್ ಕಳೆದರೆ ಕೈಗೆ ಎಷ್ಟು ಉಳಿಯುತ್ತದೆ ಎಂದು ಕೇಳಿದರೆ ಹೇಳಲಾರಳು. ಶಿಕ್ಷಕರು ‘ಚಿಂತೆ ಬೇಡ, ಪಾಸಾಗುತ್ತಾಳೆ’ ಎನ್ನುತ್ತಾರೆ. ಯಾವುದನ್ನು ನಂಬಲಿ?
– ಒಬ್ಬ ಪೋಷಕ, ಹೊಳಲ್ಕೆರೆ ತಾಲ್ಲೂಕು

ಉತ್ತರ: ನೀವು ಮನೆಯಲ್ಲಿ ಕಂಡದ್ದನ್ನೇ ನಂಬಿ. ‘ಎ’ ಹೇಗೆ ಬಂತೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಪ್ರೌಢಶಾಲೆಯ ಒಂದು ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಎಫ್‌ಎ, 50 ಅಂಕಗಳದ್ದು; ಅದರಲ್ಲಿ ತಲಾ 15 ಅಂಕಗಳ ಎರಡು ಚಟುವಟಿಕೆಗಳೂ 20 ಅಂಕಗಳ ಒಂದು ಕಿರುಪರೀಕ್ಷೆಯೂ ಸೇರಿರುತ್ತವೆ. ಚಾರ್ಟ್ ಬರೆದು, ಮಾದರಿ ಮಾಡಿ ತಂದ ಮಗುವಿಗೆ ಚಟುವಟಿಕೆಯ 30 ಅಂಕಗಳೂ ಪೂರ್ತಿ ಸಿಕ್ಕಿಬಿಟ್ಟರೆ, ಕಿರುಪರೀಕ್ಷೆಯಲ್ಲಿ 20ಕ್ಕೆ ಬರೀ 6 ಬಂದರೂ ಮೊತ್ತ 36 ಆಗುತ್ತದೆ. ಅದು ಶೇ 72. ಶೇ 70ರಿಂದ ‘ಎ’ ಶ್ರೇಣಿ ಆರಂಭವಾಗುತ್ತದೆ. ಇಲ್ಲಿ ಯಾರೂ ಸುಳ್ಳು ಬರೆದಿಲ್ಲ, ಆದರೂ ಗಣಿತ ಬಾರದ ಮಗು ಗಣಿತದಲ್ಲಿ ‘ಎ’ ಪಡೆದಿದೆ. (ಆ ಚಾರ್ಟನ್ನು ಎಷ್ಟೋ ಮನೆಗಳಲ್ಲಿ ಅಕ್ಕನೋ ಅಣ್ಣನೋ ಬರೆದುಕೊಡುತ್ತಾರೆಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು.)

‘ಪಾಸಾಗುತ್ತಾಳೆ’ ಎಂಬ ಭರವಸೆಯನ್ನು ನಮ್ಮ ಜಿಲ್ಲೆಯವರು ಇನ್ನಷ್ಟು ಎಚ್ಚರದಿಂದ ಕೇಳಿಸಿಕೊಳ್ಳಬೇಕು. 2023ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 96.80 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲಾಗಿದ್ದ ಚಿತ್ರದುರ್ಗ, ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ಮೂಲಕ ಕಣ್ಣಿಟ್ಟ 2024ರಲ್ಲಿ ಶೇ 72.85ಕ್ಕೆ ಇಳಿದು 21ನೇ ಸ್ಥಾನಕ್ಕೆ ಹೋಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ್ದ ವರ್ಷ. ಅದೇ ವರ್ಷ ಉಡುಪಿ ಶೇ 94ರೊಂದಿಗೆ ಮೊದಲ ಸ್ಥಾನಕ್ಕೆ ಬಂತು. ಒಂದೇ ವರ್ಷದಲ್ಲಿ ಒಂದು ಜಿಲ್ಲೆಯ ಮಕ್ಕಳೆಲ್ಲ ದಡ್ಡರಾಗುವುದಿಲ್ಲ. ಹಿಂದಿನ ಅಂಕಿಯಲ್ಲಿ ಕಲಿಕೆಗೆ ಸೇರದ ಪಾಲೂ ಇತ್ತೆಂದು ನಾನು ಭಾವಿಸುತ್ತೇನೆ.

ಇದರಲ್ಲಿ ಶಿಕ್ಷಕರನ್ನು ಮಾತ್ರ ದೂರುವುದು ನ್ಯಾಯವಲ್ಲ. ಫಲಿತಾಂಶ ಕುಸಿದ ಶಾಲೆಗೆ ನೋಟಿಸ್ ಬರುತ್ತದೆ. ಉದಾರವಾಗಿ ಅಂಕ ಕೊಟ್ಟ ಶಾಲೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ನೀವು ಮಾಡಬೇಕಾದದ್ದು ಇಷ್ಟೇ: ಶ್ರೇಣಿಯನ್ನು ಬದಿಗಿಟ್ಟು, ಕಿರುಪರೀಕ್ಷೆಯ ಉತ್ತರ ಪತ್ರಿಕೆಯನ್ನು ಕೇಳಿ ನೋಡಿ, ಮಗಳು ಎಡವಿರುವುದು ಭಾಗಾಕಾರದಲ್ಲೋ, ದಶಮಾಂಶದಲ್ಲೋ, ಶೇಕಡಾ ಲೆಕ್ಕದಲ್ಲೋ ಎಂದು ಶಿಕ್ಷಕರ ಜೊತೆ ಕೂತು ಗುರುತಿಸಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಚಟುವಟಿಕೆಯ ಅಂಕವನ್ನೂ ಪರೀಕ್ಷೆಯ ಅಂಕವನ್ನೂ ಬೇರೆ ಬೇರೆಯಾಗಿ ಪೋಷಕರಿಗೆ ತಿಳಿಸಬೇಕೆಂದು ಕೇಳುವುದಕ್ಕೂ ಅಡ್ಡಿಯಿಲ್ಲ.

ಪ್ರಶ್ನೆ: ಅಂಕ ಕೊಡುವಾಗ ಕೈ ಬಿಗಿ ಹಿಡಿದರೆ ಹಳ್ಳಿಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಶಾಲೆಯನ್ನೇ ಬಿಡುತ್ತಾರೆ. ಕನಿಕರ ತಪ್ಪೇ?
– ಒಬ್ಬ ಶಿಕ್ಷಕಿ, ಜಗಳೂರು

ಉತ್ತರ: ನಿಮ್ಮ ಆತಂಕ ನಿಜವಾದದ್ದು, ಮೇಡಂ. ಆದರೆ ಕನಿಕರಕ್ಕೆ ವ್ಯವಸ್ಥೆಯಲ್ಲೇ ಈಗ ಜಾಗವಿದೆ: 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಒಂದರಲ್ಲಿ ಸೋತವರು ಅದೇ ವರ್ಷ ಮತ್ತೆ ಬರೆಯಬಹುದು. ಹಾಗಿರುವಾಗ ಕಿರುಪರೀಕ್ಷೆಯ 6ನ್ನು 16 ಮಾಡುವ ಅಗತ್ಯವಿಲ್ಲ. 6 ಎಂದೇ ಬರೆದು, ಯಾವ ಅಧ್ಯಾಯದಲ್ಲಿ ಹಿಂದುಳಿದಿದ್ದಾಳೆಂದು ಪಕ್ಕದಲ್ಲಿ ನಮೂದಿಸಿ. ಹತ್ತನೇ ತರಗತಿಯ ಜನವರಿಯಲ್ಲಿ ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ ಕಟ್ಟು) ಬಾಯಿಪಾಠ ಮಾಡಿಸುವ ಶ್ರಮವನ್ನು ಎಂಟನೇ ತರಗತಿಯ ಜೂನ್‌ನಲ್ಲೇ ಭಿನ್ನರಾಶಿ ಕಲಿಸುವುದಕ್ಕೆ ಹಾಕಿದರೆ, ಶಾಲೆ ಬಿಡುವವರ ಸಂಖ್ಯೆಯೂ ಕಡಿಮೆಯಾಗುತ್ತದೆಂಬುದು ನನ್ನ ಎಣಿಕೆ.