ಸ್ಟಡ್ ಎಷ್ಟು ಎನ್ನುವ ಮೊದಲು ಟನೆಲ್ ಒಳಗೆ ಬಗ್ಗಿ ನೋಡಿ

ನಿಮ್ಮ ಸ್ನೋಮೊಬೈಲ್‌ನ ಟ್ರ್ಯಾಕ್ (ಅಡಿಯಲ್ಲಿ ಸುತ್ತುವ ಅಗಲ ರಬ್ಬರ್ ಬೆಲ್ಟ್) 137 ಇಂಚು, ಅದರ ಲಗ್ (ಹೊರಮೈಯ ರಬ್ಬರ್ ಹಲ್ಲು) 1.25 ಇಂಚು, ಚಳಿಗಾಲದ ಕೊನೆಗೆ ಟ್ರೇಲ್ ಪೂರ್ತಿ ಗಾಜು; ಐಸ್ ಕಚ್ಚಲು ಟ್ರ್ಯಾಕ್‌ಗೆ ಬಿಗಿಯುವ ಮೊನೆ, ಅಂದರೆ ಸ್ಟಡ್, 96 ಸಾಕೋ, 144 ಬೇಕೋ ಎಂದು ಕೇಳಿದ್ದೀರಿ. ಇದೇ ಲೆಕ್ಕ ಒಂದು ಕಾಲಕ್ಕೆ ನನ್ನ ತಲೆಯನ್ನೂ ತಿಂದಿತ್ತು. ಆದರೆ ಪ್ರಶ್ನೆ ಹಿಡಿಯಬೇಕಾದ ತುದಿ ಅದಲ್ಲ.

ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ: ಐಸ್ ಮೇಲೆ ನಿಮ್ಮನ್ನು ಕಾಡುತ್ತಿರುವುದು ಜಾರಿಕೆಯೋ, ಬಿಸಿಯೋ? ಟೆಂಪರೇಚರ್ ಲೈಟ್ ಹತ್ತುತ್ತಿದ್ದರೆ, ಸ್ಲೈಡ್ (ಟ್ರ್ಯಾಕ್ ಜಾರಿ ಓಡುವ ಪ್ಲಾಸ್ಟಿಕ್ ಹಳಿ) ಸುಟ್ಟ ವಾಸನೆ ಬರುತ್ತಿದ್ದರೆ, ಸ್ಟಡ್‌ನಿಂದ ಏನೂ ಆಗುವುದಿಲ್ಲ. ಲಿಕ್ವಿಡ್ ಕೂಲ್ಡ್ ಗಾಡಿಗೆ ಟ್ರ್ಯಾಕ್ ಎರಚುವ ಹಿಮವೇ ತಂಪು. ಗಟ್ಟಿ ಐಸ್ ಮೇಲೆ ಎರಚಲು ಹಿಮವೇ ಇರುವುದಿಲ್ಲ. ಅದಕ್ಕೆ ಬೇಕಾದದ್ದು ಸ್ಕ್ರ್ಯಾಚರ್. ನೆಲ ಕೆರೆಯುತ್ತಾ ಬರುವ ಅದರ ಸ್ಪ್ರಿಂಗ್ ತಂತಿ ಐಸ್ ಪುಡಿಯನ್ನು ಎಂಜಿನ್‌ನ ಕೂಲಂಟ್ ತಂಪಾಗಿಸುವ ಕೂಲರ್‌ಗೂ ಸ್ಲೈಡ್‌ಗೂ ಹಾರಿಸುತ್ತದೆ. ಸ್ಟಡ್ ಹಾಕಿಸಿದರೂ ಬಿಟ್ಟರೂ ನಿಮ್ಮ ಟ್ರೇಲ್‌ಗೆ ಸ್ಕ್ರ್ಯಾಚರ್ ಬೇಕೇ ಬೇಕು. ರಿವರ್ಸ್ ಹಾಕುವ ಮುನ್ನ ಅದನ್ನು ಎತ್ತಿ ಸಿಕ್ಕಿಸಿಡಿ, ಇಲ್ಲವಾದರೆ ತಂತಿ ಬಾಗುತ್ತದೆ.

ಕಾಡುತ್ತಿರುವುದು ಜಾರಿಕೆಯೇ ಆದರೆ ಹಾಕಿಸಿ, ಅನುಮಾನ ಬೇಡ. ಎಲ್ಲರೂ ಪಿಕಪ್ ಬಗ್ಗೆ ಮಾತಾಡುತ್ತಾರೆ. ನನ್ನ ಮಟ್ಟಿಗೆ ಸ್ಟಡ್‌ನ ಬೆಲೆ ತಿಳಿಯುವುದು ಬ್ರೇಕ್ ಹಿಡಿದಾಗ. ಬರೀ ರಬ್ಬರ್ ಟ್ರ್ಯಾಕ್ ಐಸ್ ಮೇಲೆ ಲಾಕ್ ಆಯಿತೆಂದರೆ ಗಾಡಿ ತನ್ನ ಪಾಡಿಗೆ ಹೋಗುತ್ತಲೇ ಇರುತ್ತದೆ, ತಿರುವಿನಲ್ಲಿ ಹಿಂಭಾಗ ಆಚೆಗೆ ಬೀಸುತ್ತದೆ.

ಇನ್ನು ದುಡ್ಡು ಕಳೆಯುವ ತಪ್ಪಿನ ವಿಷಯ. ಉದ್ದನೆಯ ಸ್ಟಡ್ ಹೆಚ್ಚು ಕಚ್ಚುತ್ತದೆ ಎಂದುಕೊಂಡು ದೊಡ್ಡ ಅಳತೆ ತಂದು, ಟನೆಲ್‌ಗೆ (ಟ್ರ್ಯಾಕ್ ಮೇಲಿನ ಲೋಹದ ಚಾವಣಿ) ಕಾವಲಾಗಿ ಹಾಕುವ ಪ್ರೊಟೆಕ್ಟರ್ ಪಟ್ಟಿ ಇಲ್ಲದೆಯೇ ಬಿಗಿಯುವುದು. ನಿಂತ ಗಾಡಿಯಲ್ಲಿ ನೋಡಿದರೆ ಸ್ಟಡ್‌ಗೂ ಟನೆಲ್‌ಗೂ ಧಾರಾಳ ಜಾಗ ಕಾಣುತ್ತದೆ. ಆ ಜಾಗವನ್ನು ನಂಬಬೇಡಿ. ವೇಗದಲ್ಲಿ ಟ್ರ್ಯಾಕ್ ಹೊರಕ್ಕೆ ಉಬ್ಬುತ್ತದೆ. ಸಡಿಲ ಟ್ರ್ಯಾಕ್ ಇನ್ನೂ ಹೆಚ್ಚು ಉಬ್ಬುತ್ತದೆ. ಆಗ ಮೊನೆಗಳು ಹೋಗಿ ತಾಗುವುದು ಟನೆಲ್‌ನೊಳಗಿನ ಕೂಲರ್‌ಗೆ, ಅದು ತೆಳು ಅಲ್ಯೂಮಿನಿಯಂ. ಮೊದಲು ಬರೀ ಗೀರು, ಆಮೇಲೆ ಕೂದಲೆಳೆಯ ಸೀಳು. ಸೋರುವ ಕೂಲಂಟ್ ಟ್ರ್ಯಾಕ್‌ನ ಹಿಮದ ನೀರಿನ ಜೊತೆ ಬೆರೆತು ಹೋಗುವುದರಿಂದ ಕಣ್ಣಿಗೆ ಬೀಳುವುದೇ ಇಲ್ಲ. ಬಾಟಲಿಯ ಮಟ್ಟ ಇಳಿದದ್ದು ಗೊತ್ತಾಗುವಷ್ಟರಲ್ಲಿ ಎಂಜಿನ್ ಕಾದಿರುತ್ತದೆ. ಕೂಲರ್ ಬದಲಿಸಲು ಸಸ್ಪೆನ್ಷನ್ ಪೂರ್ತಿ ಕೆಳಗಿಳಿಸಬೇಕು. ಸ್ಟಡ್‌ಗೆ ಹಾಕಿದ ದುಡ್ಡು ಅದರ ಮುಂದೆ ಏನೂ ಅಲ್ಲ.

ಹಾಗಾಗಿ ಅಳತೆ ಹೀಗಿರಲಿ: ಬಿಗಿದ ಮೇಲೆ ಮೊನೆ ಲಗ್‌ನ ತುದಿಗಿಂತ ಕಾಲು ಇಂಚು, ಹೆಚ್ಚೆಂದರೆ 3/8 ಇಂಚು ಮೇಲಿರಬೇಕು. ಪೆಟ್ಟಿಗೆಯ ಮೇಲಿನ ಅಂಕಿ ನೋಡಿ ಅಷ್ಟನ್ನೂ ಕೂರಿಸಬೇಡಿ, ಒಂದನ್ನು ಹಾಕಿ ಸ್ಕೇಲ್ ಇಟ್ಟು ನೋಡಿ. ಲಗ್ ಸವೆದಂತೆಲ್ಲ ಮೊನೆ ಹೆಚ್ಚು ಹೊರಗೆ ಬರುತ್ತದೆ ಎಂಬುದೂ ನೆನಪಿರಲಿ. ಅರ್ಧ ಸವೆದ ಟ್ರ್ಯಾಕ್‌ಗೆ ಹೊಸದರ ಅಳತೆ ಸಲ್ಲದು. ಪ್ರೊಟೆಕ್ಟರ್ ಪಟ್ಟಿಯ ಕೆಲಸ ಒಂದೇ, ಮೊನೆ ಟನೆಲ್ ಮುಟ್ಟುವ ಮೊದಲೇ ಲಗ್ ಪಟ್ಟಿಗೆ ತಾಗಬೇಕು. ಲಗ್‌ಗಿಂತ ಮೊನೆ ಎಷ್ಟು ಹೊರಗಿದೆಯೋ ಅದಕ್ಕಿಂತ ಎತ್ತರದ ಪಟ್ಟಿ ಇದ್ದರೆ ಮಾತ್ರ ಇದು ಸಾಧ್ಯ. ಪಟ್ಟಿ ಓಡುವ ಸಾಲಿನಲ್ಲಿ ಸ್ಟಡ್ ಇರಲೇಬಾರದು. ಅಂದರೆ ಕೂಲರ್ ಎಲ್ಲಿದೆ, ಪಟ್ಟಿ ಎಲ್ಲಿ ಬರುತ್ತದೆ ಎಂಬುದು ಗೊತ್ತಾದ ಮೇಲೆಯೇ ಸ್ಟಡ್‌ನ ನಕ್ಷೆ. ಟ್ರ್ಯಾಕ್ ಟೆನ್ಷನ್ ಮ್ಯಾನ್ಯುಯಲ್ ಹೇಳಿದಷ್ಟೇ ಇರಲಿ, ಕೈಯಿಂದ ಎಳೆದು ಅಂದಾಜು ಕಟ್ಟಬೇಡಿ.

ಈಗ ಸಂಖ್ಯೆ. ನಿಮ್ಮ ಟ್ರ್ಯಾಕ್ 2.86 ಇಂಚಿನ ಪಿಚ್‌ನದಾದರೆ (ಲಗ್ ಸಾಲಿನಿಂದ ಸಾಲಿಗಿರುವ ಅಂತರ) ಸುತ್ತಲೂ 48 ಪಿಚ್. ಒಂದಕ್ಕೆ ಎರಡರಂತೆ 96, ಮೂರರಂತೆ 144. ಟ್ರೇಲ್ ಓಡಾಟಕ್ಕೆ ಟ್ರ್ಯಾಕ್‌ನ ಮಧ್ಯದ ಭಾಗದಲ್ಲಿ 96 ಸಾಕು, ನನ್ನ ಖಡಾಖಂಡಿತ ಅಭಿಪ್ರಾಯ. ಎಷ್ಟಿವೆ ಎನ್ನುವುದಕ್ಕಿಂತ ಹೇಗೆ ಹರಡಿವೆ ಎನ್ನುವುದು ಮುಖ್ಯ. ಒಂದರ ಹಿಂದೆ ಒಂದು ಒಂದೇ ಸಾಲಿನಲ್ಲಿದ್ದರೆ ಮುಂದಿನದು ಕೊರೆದ ಗೀರಿನಲ್ಲೇ ಹಿಂದಿನದು ಓಡುತ್ತದೆ, ಹಿಡಿತ ಸಿಗುವುದಿಲ್ಲ. ಪ್ರತಿ ಪಿಚ್‌ನಲ್ಲೂ ಜಾಗ ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋಗಿ.

ತೂತಿಗೆ ಮಾಮೂಲಿ ಡ್ರಿಲ್ ಬಿಟ್ ಬೇಡ, ಅದು ರಬ್ಬರಿನೊಳಗಿನ ನೂಲನ್ನು ಎಳೆದು ಹರಿಯುತ್ತದೆ. ಸ್ಟಡ್‌ಗೆಂದೇ ಮಾಡಿದ ಕಟರ್ ಬಳಸಿ. ಅಡ್ಡಕ್ಕಿರುವ ಫೈಬರ್‌ಗ್ಲಾಸ್ ಕಡ್ಡಿಗೆ ತಾಗಿಸಲೇಬೇಡಿ. ಸ್ಟಡ್‌ನ ಚಪ್ಪಟೆ ತಲೆ ಟ್ರ್ಯಾಕ್‌ನ ಒಳಮೈಗೆ, ಬ್ಯಾಕರ್ ಪ್ಲೇಟ್ (ನಟ್‌ನಡಿಯ ಅಗಲ ಬಿಲ್ಲೆ) ಮತ್ತು ನಟ್ ಹೊರಮೈಗೆ ಬರುತ್ತದೆ. ಒಳಗಿನ ಚಕ್ರಗಳು ಓಡುವ ಜಾಗದಲ್ಲಿ ಆ ತಲೆ ಬರದಂತೆ ಮೊದಲೇ ಗುರುತು ಹಾಕಿಕೊಳ್ಳಿ. ಟ್ರ್ಯಾಕ್ ಆಗಲೇ ಮುದಿಯಾಗಿದ್ದರೆ ಅದನ್ನು ಕೊರೆಯುವ ಬದಲು ಲಗ್ ತುದಿಯಲ್ಲೇ ಸಣ್ಣ ಸ್ಟಡ್ ಕೂರಿಸಿ ಬರುವ ಐಸ್ ರಿಪ್ಪರ್ ಥರದ ಟ್ರ್ಯಾಕ್ ತೆಗೆದುಕೊಳ್ಳಿ. ಕಂಪನಿಯೇ ಸ್ಟಡ್ ಬೇಡ ಎನ್ನುವ ಟ್ರ್ಯಾಕ್‌ಗಳೂ ಇವೆ, ಮ್ಯಾನ್ಯುಯಲ್‌ನಲ್ಲಿ ಆ ಸಾಲು ಹುಡುಕಿ.

ಹಿಂದೆ ಹಿಡಿತ ಹೆಚ್ಚಿಸಿ ಮುಂದಿನ ಸ್ಕೀ ಕೆಳಗೆ ಐಸ್ ಕಚ್ಚುವ ಕಾರ್ಬೈಡ್ ಅಲಗನ್ನು ಹಳೆಯದೇ ಬಿಟ್ಟರೆ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಬರೀ ಕಾರ್ಬೈಡ್ ಉದ್ದ ಮಾಡಿದರೆ ಹಿಂಭಾಗ ಬೀಸುತ್ತದೆ. ಎರಡನ್ನೂ ಒಟ್ಟಿಗೇ ಯೋಚಿಸಿ.

ಮೊದಲ ಸವಾರಿ ಮುಗಿದ ಕೂಡಲೇ ಎಲ್ಲ ನಟ್‌ಗಳಿಗೂ ಮತ್ತೆ ರೆಂಚ್ ಹಾಕಿ. ಪಟ್ಟಿಯ ಮೇಲೆ ಗೀರು ಬಿದ್ದಿದೆಯೇ, ಎಲ್ಲಿ ಬಿದ್ದಿದೆ ಎಂದು ಟಾರ್ಚ್ ಬಿಟ್ಟು ನೋಡಿ. ಡಾಂಬರು ದಾಟುವಾಗ ನಿಧಾನ; ಅಲ್ಲಿ ಉಕ್ಕಿನ ಮೊನೆ ರಬ್ಬರಿಗಿಂತ ಹೆಚ್ಚು ಜಾರುತ್ತದೆ. ಮಿನ್ನೆಸೋಟಾದಂಥ ಕಡೆ ಡಾಂಬರು ಹಾಕಿದ ಸಾರ್ವಜನಿಕ ಟ್ರೇಲ್‌ಗಳ ಮೇಲೆ ಸ್ಟಡ್ ಗಾಡಿಗೆ ಕಾನೂನಿನ ನಿಷೇಧವೇ ಇದೆ. ತೂತು ಕೊರೆಯುವ ಮೊದಲೇ ನಿಮ್ಮ ಟ್ರೇಲ್‌ನ ನಿಯಮ ವಿಚಾರಿಸಿಕೊಳ್ಳಿ.